ಕೊಬ್ಬರಿ ಅಟ್ಟಕ್ಕೊಂದು ಕ್ಯಾಮೆರಾ

ಅರಸೀಕೆರೆ ಸೀಮೆಯ ತೋಟದ ಮನೆಗಳಲ್ಲಿ ವರ್ಷದ ದುಡಿಮೆಯೆಲ್ಲ ಅಟ್ಟದ ಮೇಲಿರುತ್ತದೆ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದ ತೆಂಗಿನಕಾಯಿ ಎಂಟು ಹತ್ತು ತಿಂಗಳು ಅಲ್ಲೇ ಬಿದ್ದಿದ್ದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುವ ಹೊತ್ತಿಗೆ ಉಂಡೆ ಕೊಬ್ಬರಿಯಾಗಿರುತ್ತದೆ. ಆಮೇಲೆ ಸುಲಿದು, ಕರಟ ಒಡೆದು, ಮೂಟೆ ಕಟ್ಟಿ ಅರಸೀಕೆರೆಯದೋ ತಿಪಟೂರಿನದೋ ಎಪಿಎಂಸಿಗೆ ಸಾಗಿಸಬೇಕು. 2025ರಲ್ಲಿ ಕೊಬ್ಬರಿ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋದಾಗ ಕಳ್ಳರ ಕಣ್ಣೂ ಅಟ್ಟದ ಕಡೆ ತಿರುಗಿತು.

ಮಾಲೇಕಲ್ಲು ತಿರುಪತಿ ಬೆಟ್ಟದ ಬುಡದಲ್ಲಿ ಅಂಥದೊಂದು ಮನೆಯಿದೆ ಎಂದುಕೊಳ್ಳಿ. ಮುಂದೆ ಅಂಗಳ, ಜಗಲಿ. ಒಳಗೆ ನಡುಮನೆ, ಅದರ ಮೂಲೆಯಿಂದ ಅಟ್ಟಕ್ಕೆ ಏಣಿ. ಆಷಾಢದ ತೇರಿನ ದಿನ ಬೆಟ್ಟದ ದಾರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಳಿದ ದಿನಗಳಲ್ಲಿ ಕತ್ತಲಾದ ಮೇಲೆ ಆ ಕಡೆ ನರಪಿಳ್ಳೆಯಿಲ್ಲ. ಮಗಳು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಒಂದಿದೆ, ಅದರಲ್ಲಿ ಉಬುಂಟು ಲಿನಕ್ಸ್ ಇದೆ. ಇದೇನೂ ವಿಚಿತ್ರವಲ್ಲ. ನಮ್ಮ ಸರ್ಕಾರಿ ಪ್ರೌಢಶಾಲೆಗಳ ಮೇಷ್ಟ್ರುಗಳೇ ತರಬೇತಿಯಲ್ಲಿ ಉಬುಂಟು ಕಲಿತು ಬಂದಿದ್ದಾರೆ. ಈ ಲ್ಯಾಪ್‌ಟಾಪಿಗೆ ಒಂದು ವೆಬ್‌ಕ್ಯಾಮ್ ಸಿಕ್ಕಿಸಿ ಅಟ್ಟ ಕಾಯಿಸಬಹುದೇ? ಧಾರಾಳವಾಗಿ. ಆದರೆ ಯಾವ ವೆಬ್‌ಕ್ಯಾಮ್?

ಅಂಗಡಿಯವರು ಮೆಗಾಪಿಕ್ಸೆಲ್‌ನಿಂದ ಮಾತು ಶುರುಮಾಡುತ್ತಾರೆ. ನಾವು ಅದನ್ನು ಮೂರನೆಯ ಪ್ರಶ್ನೆಯಾಗಿ ಹಿಂದಕ್ಕೆ ತಳ್ಳೋಣ. ಕ್ಯಾಮೆರಾ ಯಾವ ಭಾಷೆ ಆಡುತ್ತದೆ ಎಂಬುದು ಮೊದಲನೆಯದು. ಕತ್ತಲಲ್ಲಿ ಅದಕ್ಕೆ ಏನು ಕಾಣುತ್ತದೆ ಎಂಬುದು ಎರಡನೆಯದು.

ಭಾಷೆಯ ವಿಷಯ. ಇಪ್ಪತ್ತು ವರ್ಷದ ಹಿಂದೆ ಒಂದೊಂದು ಕಂಪನಿಯ ವೆಬ್‌ಕ್ಯಾಮ್ ಚಿಪ್ಪಿಗೂ ಒಂದೊಂದು ಗುಟ್ಟಿನ ಭಾಷೆ ಇತ್ತು. ಅದನ್ನು ಕಂಪ್ಯೂಟರಿಗೆ ತಿಳಿಸಿ ಹೇಳಲು ಡ್ರೈವರ್ ಎಂಬ ದುಭಾಷಿ ಬೇಕು. ಕಂಪನಿಗಳು ಆ ದುಭಾಷಿಯನ್ನು ಸಿ.ಡಿ.ಯಲ್ಲಿ ತುಂಬಿ ವಿಂಡೋಸ್‌ನವರಿಗೆ ಮಾತ್ರ ಕೊಡುತ್ತಿದ್ದವು. ಲಿನಕ್ಸ್‌ನವರು ತಮ್ಮ ದುಭಾಷಿಯನ್ನು ತಾವೇ ತಯಾರು ಮಾಡಿಕೊಳ್ಳಬೇಕಿತ್ತು. ಫಿಲಿಪ್ಸ್ ಕ್ಯಾಮೆರಾಗಳ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ನೆಮೊಸಾಫ್ಟ್ ಎಂಬ ಅಡ್ಡಹೆಸರಿನ ಪ್ರೋಗ್ರಾಮರ್ ಒಬ್ಬರು ಅವಕ್ಕೆ ಡ್ರೈವರ್ ಬರೆದಿದ್ದರು. ಆದರೆ ಚಿತ್ರವನ್ನು ಬಿಚ್ಚಿ ಹರಡುವ ಭಾಗವನ್ನು ಕಂಪನಿಯೊಂದಿಗಿನ ಕರಾರಿನ ಕಾರಣ ಮುಚ್ಚಿಟ್ಟಿದ್ದರು. ಲಿನಕ್ಸ್‌ನ ತಿರುಳಾದ ತೆರೆದ ಕರ್ನೆಲ್ಲಿನೊಳಗೆ ಮುಚ್ಚಿದ ತುಂಡಿಗೆ ಕೊಂಡಿ ಇರಕೂಡದು ಎಂದು 2004ರಲ್ಲಿ ಕರ್ನೆಲ್ ನಿರ್ವಾಹಕರು ಕೊಂಡಿ ಕಿತ್ತರು. ನೆಮೊಸಾಫ್ಟ್ ಸಿಟ್ಟಾಗಿ ಡ್ರೈವರನ್ನೇ ವಾಪಸು ಪಡೆದರು. ಜಗತ್ತಿನಾದ್ಯಂತ ಫಿಲಿಪ್ಸ್ ಕ್ಯಾಮೆರಾ ಇಟ್ಟುಕೊಂಡಿದ್ದ ಲಿನಕ್ಸ್ ಬಳಕೆದಾರರು ನಡುನೀರಿನಲ್ಲಿ ಉಳಿದರು. ಕೊನೆಗೆ ಲುಕ್ ಸೈಯಾರ್ ಎಂಬವರು ಆ ಗುಟ್ಟನ್ನು ಬಿಡಿಸಿ ಪೂರ್ತಿ ತೆರೆದ ಡ್ರೈವರನ್ನು ಕೊಟ್ಟರು. ಅದೇ ಕಾಲದಲ್ಲಿ ಫ್ರಾನ್ಸಿನ ಮಿಶೆಲ್ ಕ್ಸಾರ್ ಎಂಬ ವೈದ್ಯರು, ರೋಗಿಗಳನ್ನು ನೋಡಿ ಉಳಿದ ವೇಳೆಯಲ್ಲಿ, 200ಕ್ಕೂ ಹೆಚ್ಚು ಮಾದರಿಯ ಕ್ಯಾಮೆರಾಗಳಿಗೆ ಡ್ರೈವರ್ ಬರೆದರು. ಸಂಬಳವಿಲ್ಲದೆ ಇಂಥ ಕೆಲಸ ಮಾಡುವವರ ಬೆನ್ನ ಮೇಲೆಯೇ ಈ ಲೋಕ ನಿಂತಿರುವುದು.

ಈ ಗೋಜಲು ಬಗೆಹರಿದದ್ದು ಯುವಿಸಿ ಎಂಬ ಮಾನಕದಿಂದ. ಯುಎಸ್‌ಬಿ ಒಕ್ಕೂಟ 2003ರಲ್ಲಿ ಪ್ರಕಟಿಸಿದ ಈ ನಿಯಮಾವಳಿ ಎಲ್ಲ ಕ್ಯಾಮೆರಾಗಳಿಗೂ ಒಂದೇ ಸಮಾನ ಭಾಷೆಯನ್ನು ಗೊತ್ತುಮಾಡಿತು. ಲೊರಾಂ ಪಿಂಶಾರ್ ಬರೆದ ಯುವಿಸಿ ಡ್ರೈವರ್ 2008ರಲ್ಲಿ ಲಿನಕ್ಸ್ ಕರ್ನೆಲ್ 2.6.26ರೊಳಗೆ ಸೇರಿತು. ಅಂದಿನಿಂದ ಯುವಿಸಿ ಕ್ಯಾಮೆರಾ ಸಿಕ್ಕಿಸಿದರೆ ಸಾಕು, ಚಿತ್ರ ಬರುತ್ತದೆ. ಈಗಿನ ವೆಬ್‌ಕ್ಯಾಮ್‌ಗಳಲ್ಲಿ ಬಹುಪಾಲು ಇದೇ ಜಾತಿಯವು. ಡಬ್ಬಿಯ ಮೇಲೆ ಯುವಿಸಿ ಎಂದಿದೆಯೇ, ಅಥವಾ ‘ಪ್ಲಗ್ ಅಂಡ್ ಪ್ಲೇ, ಡ್ರೈವರ್ ಬೇಕಿಲ್ಲ’ ಎಂದಿದೆಯೇ ನೋಡಿ. ಇನ್ನೂ ಒಳ್ಳೆಯದೆಂದರೆ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ಯುವುದು. ಸಿಕ್ಕಿಸಿದ ಕೂಡಲೇ ಚೀಸ್ ಎಂಬ ಪುಟ್ಟ ತಂತ್ರಾಂಶದಲ್ಲಿ ನಿಮ್ಮ ಮುಖ ಕಂಡರೆ ಮೊದಲ ಪ್ರಶ್ನೆ ತೀರಿತು. ಒಂದೇ ಕ್ಯಾಮೆರಾ ಸಿಕ್ಕಿಸಿದ್ದರೂ ಸಾಧನಗಳ ಪಟ್ಟಿಯಲ್ಲಿ ವಿಡಿಯೊ ಸೊನ್ನೆ, ವಿಡಿಯೊ ಒಂದು ಎಂದು ಎರಡು ಹೆಸರು ಕಂಡರೆ ಗಾಬರಿ ಬೇಡ. ಎರಡನೆಯದು ಚಿತ್ರದ ಕುರಿತ ಮಾಹಿತಿಗೆ ಮೀಸಲು, ಅದನ್ನು ತೆರೆದರೆ ಏನೂ ಕಾಣುವುದಿಲ್ಲ.

ಇನ್ನು ಕತ್ತಲು. ವೆಬ್‌ಕ್ಯಾಮ್ ಹುಟ್ಟಿದ್ದು ದೀಪದ ಕೆಳಗೆ ಕೂತು ಮಾತಾಡುವವರಿಗಾಗಿ. ಕಳ್ಳ ದೀಪ ಹಾಕಿಕೊಂಡು ಬರುವುದಿಲ್ಲ. ಕಾವಲಿಗೆ ವೆಬ್‌ಕ್ಯಾಮ್ ಕೊಂಡವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ನಡುಮಧ್ಯಾಹ್ನ ಅಂಗಳದಲ್ಲಿ ಸುಮಾರು 1,00,000 ಲಕ್ಸ್ ಬಿಸಿಲು. ಟ್ಯೂಬ್‌ಲೈಟ್ ಹಾಕಿದ ನಡುಮನೆಯಲ್ಲಿ 100ರಿಂದ 200. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ ಕಾಲು ಲಕ್ಸ್. ನಮ್ಮ ಕಣ್ಣು ಇಷ್ಟು ಅಂತರವನ್ನೂ ನಿಭಾಯಿಸುತ್ತದೆ. ವೆಬ್‌ಕ್ಯಾಮ್‌ನ ಸಂವೇದಕ ಮಾತ್ರ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದರ ಒಂದೊಂದು ಚಿತ್ರಬಿಂದುವಿನ ಅಗಲ ಒಂದೂವರೆ ಮೈಕ್ರಾನಿನಿಂದ ಮೂರು ಮೈಕ್ರಾನ್. ಅಷ್ಟೇ ಸಂವೇದಕದಲ್ಲಿ ಬಿಂದುಗಳನ್ನು ಹೆಚ್ಚಿಸಿದಷ್ಟೂ ಒಂದೊಂದರ ಪಾಲಿಗೆ ಬೀಳುವ ಬೆಳಕು ಕಡಿಮೆ. ಮೂರು ಮೈಕ್ರಾನಿನ ಬಿಂದುವಿಗೆ ಒಂದೂವರೆ ಮೈಕ್ರಾನಿನ ಬಿಂದುವಿನ ನಾಲ್ಕುಪಟ್ಟು ಬೆಳಕು ಸಿಗುತ್ತದೆ. ಹೀಗಾಗಿ ಮೆಗಾಪಿಕ್ಸೆಲ್ ಜಾಸ್ತಿಯಿರುವ ಅಗ್ಗದ ಕ್ಯಾಮೆರಾ ರಾತ್ರಿ ಹೊತ್ತು ಕಡಿಮೆ ಮೆಗಾಪಿಕ್ಸೆಲ್‌ನದಕ್ಕಿಂತ ಕುರುಡಾಗಿರಬಹುದು.

ಬೆಳಕು ಸಾಲದಾದಾಗ ವೆಬ್‌ಕ್ಯಾಮ್ ಒಂದು ಉಪಾಯ ಹೂಡುತ್ತದೆ. ಸೆಕೆಂಡಿಗೆ 30 ಚೌಕಟ್ಟು ತೆಗೆಯುವುದನ್ನು ಬಿಟ್ಟು ಏಳೆಂಟಕ್ಕೆ ಇಳಿದು, ಒಂದೊಂದು ಚೌಕಟ್ಟಿಗೂ ಹೆಚ್ಚು ಹೊತ್ತು ಬೆಳಕು ಕುಡಿಯುತ್ತದೆ. ಕೋಣೆ ಬೆಳ್ಳಗೆ ಕಾಣುತ್ತದೆ, ನಾವು ಮೆಚ್ಚಿಕೊಳ್ಳುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 1.2 ಮೀಟರ್ ವೇಗದಲ್ಲಿ ನಡೆಯುವವನು ಮೂವತ್ತನೇ ಒಂದು ಸೆಕೆಂಡಿನಲ್ಲಿ ಸರಿಯುವುದು 4 ಸೆಂಟಿಮೀಟರ್. ಚೌಕಟ್ಟು ಸೆಕೆಂಡಿಗೆ ಏಳೂವರೆಗೆ ಇಳಿದರೆ ಅವನು 16 ಸೆಂಟಿಮೀಟರ್ ಸರಿದಿರುತ್ತಾನೆ. ಮನುಷ್ಯನ ಮುಖದ ಅಗಲವೇ ಅಷ್ಟು. ಗೋಡೆ, ಏಣಿ, ಬಾಗಿಲು ಎಲ್ಲ ಸ್ಪಷ್ಟ; ಮುಖವಿರಬೇಕಾದ ಕಡೆ ಒಂದು ಬೂದು ಗೀರು. ಲಿನಕ್ಸ್‌ನಲ್ಲಿ ಈ ಉಪಾಯವನ್ನು ನಿಲ್ಲಿಸುವ ಗುಂಡಿ ಇದೆ, ವೀ-ಫೋರ್-ಎಲ್-ಟೂ ಎಂಬ ಸಲಕರಣೆಯಿಂದ ಅದನ್ನು ಒತ್ತಬಹುದು. ಆಗ ಗೀರು ಹೋಗುತ್ತದೆ, ಚಿತ್ರ ಕಪ್ಪಾಗುತ್ತದೆ. ಬೆಳಕು ಇಲ್ಲದ ಕಡೆ ತಂತ್ರಾಂಶ ಬೆಳಕನ್ನು ಹುಟ್ಟಿಸಲಾರದು.

ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬನ್ನು ಏಣಿಯ ತಲೆಯ ಮೇಲೆ ಹಾಕಿ ರಾತ್ರಿ ಹನ್ನೆರಡು ಗಂಟೆ ಉರಿಸಿದರೆ ತಿಂಗಳಿಗೆ ಮೂರು ಚಿಲ್ಲರೆ ಯುನಿಟ್. ದುಬಾರಿ ಕ್ಯಾಮೆರಾಕ್ಕೆ ಸುರಿಯುವ ದುಡ್ಡಿಗಿಂತ ಈ ಬಲ್ಬು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಲ್ಬು ಬೇಡ, ಕತ್ತಲಲ್ಲೇ ನೋಡಬೇಕು ಎಂದರೆ ಅವಗೆಂಪು ಬೆಳಕು ಬೇಕು. ಸಿಲಿಕಾನ್ ಸಂವೇದಕಕ್ಕೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳೂ ಕಾಣುತ್ತವೆ, ಸುಮಾರು 1,100 ನ್ಯಾನೊಮೀಟರ್‌ವರೆಗೆ. ಆದರೆ ಹಗಲಿನ ಬಣ್ಣ ಕೆಡಬಾರದೆಂದು ಸಾಮಾನ್ಯ ವೆಬ್‌ಕ್ಯಾಮ್‌ಗೆ ಅದನ್ನು ತಡೆಯುವ ಗಾಜಿನ ಸೋಸುಕ ಕೂರಿಸಿರುತ್ತಾರೆ. ಅದರ ಮುಂದೆ ಎಷ್ಟು ಅವಗೆಂಪು ದೀಪ ಹಚ್ಚಿದರೂ ವ್ಯರ್ಥ. ಗೋಡೆಗೆ ಹಾಕುವ ಸಿಸಿಟಿವಿ ಕ್ಯಾಮೆರಾಗಳಲ್ಲಿ ಈ ಸೋಸುಕವನ್ನು ಸರಿಸುವ ಪುಟ್ಟ ಯಂತ್ರವಿದೆ. ಮುಸ್ಸಂಜೆ ಕಿವಿಗೊಟ್ಟರೆ ಅದು ‘ಟಿಕ್’ ಎನ್ನುವುದು ಕೇಳುತ್ತದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ 2013ರಲ್ಲಿ ಸೋಸುಕವೇ ಇಲ್ಲದ ‘ನೋಐಆರ್’ ಕ್ಯಾಮೆರಾ ಬಂತು, ಅದೂ ಆಗುತ್ತದೆ. ಅವಗೆಂಪು ದೀಪದಲ್ಲೂ ಎರಡು ಬಗೆ. 850 ನ್ಯಾನೊಮೀಟರಿನದು ದೂರ ಹರಿಯುತ್ತದೆ, ಮಂದವಾದ ಕೆಂಪು ಚುಕ್ಕಿಯಾಗಿ ಕಣ್ಣಿಗೂ ಬೀಳುತ್ತದೆ. 940ರದು ಕಾಣುವುದೇ ಇಲ್ಲ, ಆದರೆ ಅಷ್ಟು ದೂರ ಬೆಳಗುವುದೂ ಇಲ್ಲ. ಯಾವುದೇ ಆಗಲಿ, ಕಿಟಕಿ ಗಾಜಿನ ಹಿಂದೆ ಇಟ್ಟರೆ ಗಾಜು ಆ ಬೆಳಕನ್ನು ಕ್ಯಾಮೆರಾದ ಮುಖಕ್ಕೇ ರಾಚುತ್ತದೆ. ಇನ್ನೊಂದು ಕಾಟ ಜೇಡರದು. ದೀಪದ ಸುತ್ತ ಹುಳ ಬರುತ್ತದೆ, ಹುಳಕ್ಕಾಗಿ ಜೇಡ ಬರುತ್ತದೆ, ಮಸೂರದ ಮುಂದೆ ಅದು ನೇಯ್ದ ಎಳೆ ರಾತ್ರಿಯಿಡೀ ಬಿಳಿ ಹಗ್ಗದಂತೆ ತೂಗಾಡುತ್ತದೆ. ವಾರಕ್ಕೊಮ್ಮೆ ಗುಡಿಸುವ ಪೊರಕೆಯ ತುದಿ ಅಲ್ಲಿಗೂ ತಲುಪಲಿ.

ಈಗ ಮೆಗಾಪಿಕ್ಸೆಲ್‌ಗೆ ಬರಬಹುದು. ಜಗತ್ತಿನ ಮೊದಲ ವೆಬ್‌ಕ್ಯಾಮ್ ಎಂದು ಹೆಸರಾದದ್ದು ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ 1991ರಲ್ಲಿ ಇಟ್ಟ ಕ್ಯಾಮೆರಾ. ಬೇರೆ ಕೋಣೆಗಳಲ್ಲಿ ಕೂತವರು ಕಾಫಿ ಪಾತ್ರೆ ಖಾಲಿಯೇ ತುಂಬಿದೆಯೇ ಎಂದು ನೋಡಿಕೊಳ್ಳಲಿ ಎಂದು ಅದನ್ನು ಹೂಡಿದ್ದರು. ಚಿತ್ರ 128 ಬಿಂದು ಅಗಲ, 128 ಬಿಂದು ಎತ್ತರ, ಅದೂ ಕಪ್ಪು ಬಿಳುಪು. ಅವರ ಪ್ರಶ್ನೆಗೆ ಅಷ್ಟೇ ಸಾಕಾಗಿತ್ತು. ನಮ್ಮ ಪ್ರಶ್ನೆ ಏನು? ಯಾರೋ ಬಂದರು ಎಂದು ತಿಳಿದರೆ ಸಾಕೋ, ಬಂದವರು ಇಂಥವರೇ ಎಂದು ಗುರುತಿಸಬೇಕೋ?

ಕಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನಕದಲ್ಲಿ ಇದಕ್ಕೊಂದು ಅಳತೆಯಿದೆ. ಎದುರಿನ ದೃಶ್ಯದ ಒಂದು ಮೀಟರ್ ಅಗಲಕ್ಕೆ 25 ಬಿಂದು ಬಿದ್ದರೆ ಯಾರೋ ಇದ್ದಾರೆ ಎಂದು ತಿಳಿಯುತ್ತದೆ. 125 ಬಿದ್ದರೆ ಪರಿಚಿತರನ್ನು ಗುರುತಿಸಬಹುದು. ಅಪರಿಚಿತನನ್ನು ಅನುಮಾನವಿಲ್ಲದೆ ಗುರುತಿಸಲು 250 ಬೇಕು. ಲಾಜಿಟೆಕ್‌ನ ಸಿ920 ಎಂಬ, 2012ರಿಂದ ಮಾರುಕಟ್ಟೆಯಲ್ಲಿರುವ ಕ್ಯಾಮೆರಾ ತೆಗೆದುಕೊಳ್ಳಿ. ಅದರ ನೋಟ ಅಡ್ಡಕ್ಕೆ ಸುಮಾರು 70 ಡಿಗ್ರಿ. ಅಂದರೆ 3 ಮೀಟರ್ ದೂರದಲ್ಲಿ ಅದಕ್ಕೆ ಕಾಣುವ ಅಗಲ 4.2 ಮೀಟರ್. 1,920 ಬಿಂದುಗಳನ್ನು ಅಷ್ಟಕ್ಕೆ ಹಂಚಿದರೆ ಮೀಟರಿಗೆ 457. ಸಮೃದ್ಧಿ. ಐದೂವರೆ ಮೀಟರಿಗೆ ಹೋದರೆ 250ಕ್ಕೆ ಇಳಿಯುತ್ತದೆ. ಹನ್ನೆರಡು ಮೀಟರ್ ಆಚೆಯ ಅಂಗಳದ ಗೇಟಿನ ಹತ್ತಿರ 114. ಅಲ್ಲಿ ನಿಂತವನು ಪಕ್ಕದ ಮನೆಯವನೇ ಆದರೂ ಆಣೆ ಮಾಡಿ ಹೇಳಲಾಗದು. ಇನ್ನು ನಡುಮನೆಯ ಏಣಿಯನ್ನು ಮೂರು ಮೀಟರಿನಿಂದ ನೋಡುವುದಾದರೆ 1,280 ಬಿಂದುಗಳ 720ಪಿ ಕ್ಯಾಮೆರಾವೂ ಮೀಟರಿಗೆ 300 ದಾಟುತ್ತದೆ. ನಾಲ್ಕು-ಕೆ ಕ್ಯಾಮೆರಾಕ್ಕೆ ಅಲ್ಲಿ ಕೆಲಸವಿಲ್ಲ. ಕಂಪನಿಗಳು ಹೊಗಳುವ ‘ವಿಶಾಲ ಕೋನ’ವೂ ಇಲ್ಲಿ ವೈರಿಯೇ: ನೋಟ ಅಗಲವಾದಷ್ಟೂ ಮುಖಕ್ಕೆ ಬೀಳುವ ಬಿಂದುಗಳು ಕಡಿಮೆ.

ಬಿಂದುಗಳು ಹೆಚ್ಚಾದರೆ ತಂತಿಗೂ ಹೊರೆ. ಪೂರ್ಣ ಎಚ್‌ಡಿ ಚಿತ್ರವನ್ನು ಕುಗ್ಗಿಸದೆ ಸೆಕೆಂಡಿಗೆ 30ರಂತೆ ಕಳಿಸಲು ಸುಮಾರು 1,000 ಮೆಗಾಬಿಟ್ ಬೇಕು, ಯುಎಸ್‌ಬಿ 2.0 ತಂತಿಯ ಲೆಕ್ಕದ ಮಿತಿಯೇ 480. ಅದಕ್ಕೆ ಕ್ಯಾಮೆರಾ ಒಳಗೇ ಪ್ರತಿ ಚೌಕಟ್ಟನ್ನೂ ಜೆಪೆಗ್ ಆಗಿ ಕುಗ್ಗಿಸಿ ಕಳಿಸುವ ಎಂಜೆಪೆಗ್ ರೂಪ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಒಂದೇ ಹಬ್ಬಿಗೆ ಎರಡು ಕ್ಯಾಮೆರಾ ಸಿಕ್ಕಿಸಿ ಎರಡನೆಯದನ್ನು ಚಾಲೂ ಮಾಡಿದಾಗ ಲಿನಕ್ಸ್ ಕೆಲವೊಮ್ಮೆ ‘ಸಾಧನದಲ್ಲಿ ಜಾಗ ಉಳಿದಿಲ್ಲ’ ಎಂದು ಗೊಣಗುತ್ತದೆ. ಇದನ್ನು ಓದಿದವರು ಡಿಸ್ಕ್ ತುಂಬಿತೆಂದು ಹಳೆಯ ಫೋಟೊಗಳನ್ನೆಲ್ಲ ಅಳಿಸಲು ಕೂರುತ್ತಾರೆ. ಡಿಸ್ಕಿಗೂ ಆ ಮಾತಿಗೂ ಸಂಬಂಧವಿಲ್ಲ. ಮೊದಲ ಕ್ಯಾಮೆರಾ ಯುಎಸ್‌ಬಿ ದಾರಿಯನ್ನು ಪೂರ್ತಿ ಕಾದಿರಿಸಿಕೊಂಡಿದೆ, ಎರಡನೆಯದಕ್ಕೆ ಹಾದಿಯಿಲ್ಲ ಎಂದು ಅದರ ಅರ್ಥ. ಬೇರೆ ಪೋರ್ಟಿಗೆ ಸಿಕ್ಕಿಸಿ, ಇಲ್ಲವೇ ಚಿತ್ರದ ಅಳತೆ ಇಳಿಸಿ. ಹಾಗೆಯೇ ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್, ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಹಲವು ಕ್ಯಾಮೆರಾಗಳು ಅಮೆರಿಕದ 60ಕ್ಕೆ ಹೊಂದಿಸಿಕೊಂಡೇ ಬರುತ್ತವೆ. ಆಗ ಚಿತ್ರದ ಮೇಲೆ ಪಟ್ಟೆಗಳು ಹರಿದಾಡುತ್ತವೆ. 50ಕ್ಕೆ ಬದಲಿಸಿದರೆ ನಿಲ್ಲುತ್ತವೆ.

ಕಾಯುವ ಕೆಲಸ ತಂತ್ರಾಂಶದ್ದು. ಮೋಷನ್ ಎಂಬ ಹಳೆಯ, ಹಗುರ ತಂತ್ರಾಂಶ ಹಿಂದಿನ ಚೌಕಟ್ಟಿಗೂ ಈಗಿನದಕ್ಕೂ ಎಷ್ಟು ಬಿಂದು ಬದಲಾಗಿವೆ ಎಂದು ಎಣಿಸುತ್ತದೆ. 1,500ಕ್ಕಿಂತ ಹೆಚ್ಚಾದರೆ ಚಲನೆಯಾಯಿತೆಂದು ದಾಖಲಿಸುತ್ತದೆ. 640 ಗುಣಿಸು 480 ಬಿಂದುಗಳ ಚಿತ್ರದಲ್ಲಿ ಅದು ಅರ್ಧ ಶೇಕಡಾ ಮಾತ್ರ. ನಡುಮನೆಯ ಒಳಗೆ ಇದು ಚೆನ್ನಾಗಿ ನಡೆಯುತ್ತದೆ. ಅಂಗಳದ ಕಡೆ ತಿರುಗಿಸಿದಿರೋ, ಗಾಳಿಗೆ ಆಡುವ ಒಂದು ತೆಂಗಿನ ಗರಿ ಸಾಕು, ಬೆಳಗಾಗುವಷ್ಟರಲ್ಲಿ ಸಾವಿರಾರು ಚಿತ್ರ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಹುಲಿಗಳ ಪಟ್ಟೆ ನೋಡಿ ಎಣಿಸಲು ಕ್ಯಾಮೆರಾ ಟ್ರ್ಯಾಪ್ ಹೂಡಿದಾಗಲೂ ಕಾಡಿನ ಕ್ಯಾಮೆರಾ ಯಾವಾಗ ಚಿತ್ರ ತೆಗೆಯಬೇಕು ಎಂಬ ಪ್ರಶ್ನೆ ಇದ್ದೇ ಇತ್ತು. ಇಂದಿನ ಟ್ರ್ಯಾಪ್‌ಗಳು ಮೈಶಾಖದ ಚಲನೆಯನ್ನು ಗ್ರಹಿಸುವ ಸಂವೇದಕದಿಂದ ಎಚ್ಚರಗೊಳ್ಳುತ್ತವೆ, ಎಲೆಗೆ ಮೈಬಿಸಿಯಿಲ್ಲ. ಕಂಪ್ಯೂಟರ್ ಸ್ವಲ್ಪ ಹೊಸದಾದರೆ ಫ್ರಿಗೇಟ್ ಎಂಬ ಮುಕ್ತ ತಂತ್ರಾಂಶ ಮನುಷ್ಯ, ನಾಯಿ, ಬೆಕ್ಕು ಎಂದು ಬೇರ್ಪಡಿಸಿ ಹೇಳಬಲ್ಲದು. ಅರಸೀಕೆರೆಯ ಗುಡ್ಡಗಳಲ್ಲಿ ಚಿರತೆ ಓಡಾಡುವುದು ಹೊಸ ಸುದ್ದಿಯಲ್ಲ. ಅದನ್ನು ಈ ತಂತ್ರಾಂಶ ದೊಡ್ಡ ಬೆಕ್ಕೆಂದು ಬರೆದಿಟ್ಟರೆ ಪೂರ್ತಿ ತಪ್ಪೆನ್ನಲೂ ಆಗದು.

ಅಂಗಳಕ್ಕೆ ವೆಬ್‌ಕ್ಯಾಮ್ ಬೇಡ. ಮಳೆಗೆ ನಿಲ್ಲುವುದಿಲ್ಲ, ಯುಎಸ್‌ಬಿ ತಂತಿ ಐದು ಮೀಟರ್ ದಾಟಿದರೆ ನೆಚ್ಚಲಾಗುವುದಿಲ್ಲ. ಅಲ್ಲಿಗೆ ನೂರು ಮೀಟರ್‌ವರೆಗೂ ಎಳೆಯಬಹುದಾದ ಈಥರ್‌ನೆಟ್ ತಂತಿಯ ಐಪಿ ಕ್ಯಾಮೆರಾ ಸರಿ. ಆರ್‌ಟಿಎಸ್‌ಪಿ ಅಥವಾ ಆನ್ವಿಫ್ ಎಂದು ಅದರ ವಿವರದಲ್ಲಿ ಇರಲೇಬೇಕು; ಅದಿದ್ದರೆ ಲಿನಕ್ಸ್ ನೇರವಾಗಿ ಚಿತ್ರ ಪಡೆಯುತ್ತದೆ. ಫೋನಿನ ಆ್ಯಪ್‌ನಲ್ಲಿ ಮಾತ್ರ ತೆರೆಯುವ ಕ್ಯಾಮೆರಾ ಸಾಮಾನ್ಯವಾಗಿ ನಿಮ್ಮ ಅಂಗಳವನ್ನು ಮೊದಲು ಕಂಪನಿಯ ಸರ್ವರಿಗೆ ತೋರಿಸಿ, ಆಮೇಲೆ ನಿಮಗೆ ತೋರಿಸುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರ್‌ಗಳನ್ನು ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ವಶಮಾಡಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳ ದಾಳಿಗೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವೆಡೆ ಗಂಟೆಗಟ್ಟಲೆ ಸಿಗಲಿಲ್ಲ. ಸೋಜಿಗವೆಂದರೆ ಆ ಕ್ಯಾಮೆರಾಗಳ ಹೊಟ್ಟೆಯಲ್ಲಿ ಓಡುತ್ತಿದ್ದದ್ದೂ ಲಿನಕ್ಸೇ. ಮುಕ್ತ ತಂತ್ರಾಂಶ ಇದ್ದಮಾತ್ರಕ್ಕೆ ಭದ್ರತೆ ಬರುವುದಿಲ್ಲ, ಪಾಸ್‌ವರ್ಡ್ ಬದಲಿಸುವ ಕೈ ಬೇಕು. ಭಾರತದಲ್ಲಿ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಅದಕ್ಕೆ ಮೊದಲಿನ ಹಳೆ ಸರಕು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಯಾವ ಕ್ಯಾಮೆರಾ ಆದರೂ ರೂಟರಿನಲ್ಲಿ ಅದಕ್ಕೆ ಹೊರಗಿನ ಇಂಟರ್ನೆಟ್ ದಾರಿ ಮುಚ್ಚಿ, ಲ್ಯಾಪ್‌ಟಾಪಿಗೆ ಮಾತ್ರ ತೆರೆದಿಡಿ.

ಹಳೆಯ ಲ್ಯಾಪ್‌ಟಾಪ್ 20 ವ್ಯಾಟ್ ತಿಂದರೆ ತಿಂಗಳಿಗೆ 14 ಯುನಿಟ್ ಮೇಲಾಗುತ್ತದೆ, ಆದರೆ ಕರೆಂಟ್ ಹೋದಾಗ ಅದರ ಬ್ಯಾಟರಿ ಆಸರೆ. ರಾಸ್ಪ್‌ಬೆರಿ ಪೈ ಐದಾರು ವ್ಯಾಟಿನಲ್ಲಿ ಮುಗಿಸುತ್ತದೆ, ಆದರೆ ಅದರ ಹಳೆಯ ಮಾದರಿಗಳಲ್ಲಿ ಗಡಿಯಾರದ ಬ್ಯಾಟರಿಯಿಲ್ಲ; ಕರೆಂಟ್ ಹೋಗಿ ಬಂದಾಗ ಇಂಟರ್ನೆಟ್ ಸಿಗದಿದ್ದರೆ ವೇಳೆ ತಪ್ಪುತ್ತದೆ. ವೇಳೆ ತಪ್ಪಿದ ವಿಡಿಯೊ ಠಾಣೆಯಲ್ಲಿ ಎಷ್ಟು ನಿಲ್ಲುತ್ತದೆ ಯೋಚಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ವಿಡಿಯೊ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಗುರುತು, ನಮೂದಿಸಬೇಕು. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ 256 ಹ್ಯಾಶ್ ತೆಗೆಯಲು ಒಂದೇ ಆದೇಶ ಸಾಕು. ಹೊರಬರುವ 64 ಅಕ್ಷರಗಳನ್ನು ಅಂದೇ ಬರೆದಿಟ್ಟುಕೊಂಡರೆ ಆಮೇಲೆ ವಿಡಿಯೊ ತಿದ್ದಿಲ್ಲ ಎಂದು ತೋರಿಸಲು ಅದು ಆಧಾರ.

ಕ್ಯಾಮೆರಾದ ಮೂತಿ ಪಕ್ಕದವರ ಬಚ್ಚಲ ಕಡೆ ತಿರುಗದಿರಲಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಮನೆಯೊಳಗಿನವರಿಗೂ ಆ ಹಕ್ಕಿದೆ. ನಡುಮನೆಯಲ್ಲಿ ಕ್ಯಾಮೆರಾ ಇಡುವ ಮೊದಲು ಅಲ್ಲಿ ಮಲಗುವ ಅಜ್ಜಿಯನ್ನು ಕೇಳಿ.

ಒಟ್ಟಿನಲ್ಲಿ ಮಾಲೇಕಲ್ಲಿನ ಆ ಮನೆಗೆ ನನ್ನ ಶಿಫಾರಸು ಇದು: ಏಣಿಗೆ ಎದುರಾಗಿ ಮೂರು ಮೀಟರಿನೊಳಗೆ ಒಂದು ಸಾಧಾರಣ ಯುವಿಸಿ ವೆಬ್‌ಕ್ಯಾಮ್, 720ಪಿ ಸಾಕು, ಜೊತೆಗೆ ಒಂದು ಎಲ್‌ಇಡಿ ಬಲ್ಬು, ಜಗಲಿಯ ಮೇಲೆ ಅವಗೆಂಪು ದೀಪವಿರುವ, ಆನ್ವಿಫ್ ಬಲ್ಲ ಒಂದು ಐಪಿ ಕ್ಯಾಮೆರಾ, ಲ್ಯಾಪ್‌ಟಾಪ್ ಕಳ್ಳನ ಕೈಗೆ ಸುಲಭಕ್ಕೆ ಸಿಗದ ಕೋಣೆಯಲ್ಲಿ. ಎಲ್ಲ ಕೂರಿಸಿದ ಮೇಲೆ ಒಂದು ಅಮಾವಾಸ್ಯೆಯ ರಾತ್ರಿ ಮನೆಯವರೊಬ್ಬರು ಅಂಗಳದಿಂದ ಬಂದು ಏಣಿ ಹತ್ತಲಿ. ಮರುದಿನ ವಿಡಿಯೊ ಹಾಕಿ ನೋಡಿ. ಹತ್ತಿದ್ದು ಯಾರೆಂದು ಮುಖ ನೋಡಿಯೇ ಹೇಳಲು ಬಂದರೆ ಸರಿ. ನಡಿಗೆ ನೋಡಿ, ಪಂಚೆ ನೋಡಿ ಊಹಿಸಬೇಕಾಗಿ ಬಂದರೆ ಬಲ್ಬನ್ನು ಇನ್ನಷ್ಟು ಹತ್ತಿರ ತನ್ನಿ. ಕ್ಯಾಮೆರಾ ಬದಲಿಸುವ ಯೋಚನೆ ಆಮೇಲೆ ಮಾಡಿ.